ಶಾಖಪಂಪಿಗೆ ಹಿಮದ ಕಾಟ

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಬಿ.ಎಸ್‌ಸಿ. ಓದಿ, ಈಗ ನಾರ್ವೆ ದೇಶದ ಬರ್ಗೆನ್ ನಗರದಲ್ಲಿ ಉದ್ಯೋಗದಲ್ಲಿರುವ ವಿದ್ಯಾರ್ಥಿಯೊಬ್ಬನು ಕಳೆದ ಚಳಿಗಾಲದಲ್ಲಿ ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದನು. ಅವನ ಬಾಡಿಗೆಯ ಮನೆಯನ್ನು ಬೆಚ್ಚಗಿಡುವುದು ಒಂದು ಶಾಖಪಂಪು. ಅದರ ಒಂದು ಪೆಟ್ಟಿಗೆ ಕೋಣೆಯೊಳಗೆ ಗೋಡೆಯ ಮೇಲಿದೆ. ಇನ್ನೊಂದು ಹೊರಗೆ, ಮನೆಯ ಹಿಂಬದಿಯಲ್ಲಿ. ಜಡಿಮಳೆಯ ಒಂದು ಸಂಜೆ, ಹೊರಗಿನ ಉಷ್ಣತೆ 2 ಡಿಗ್ರಿ ಇದ್ದಾಗ, ಒಳಗೆ ಬರುತ್ತಿದ್ದ ಬಿಸಿಗಾಳಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಹೊರಗಿನ ಪೆಟ್ಟಿಗೆಯಿಂದ ಬಿಳಿಯ ಹೊಗೆ ಏಳತೊಡಗಿತು. ಮನೆಯಲ್ಲಿ ಆರು ತಿಂಗಳ ಕೂಸು. ಯಂತ್ರಕ್ಕೆ ಬೆಂಕಿ ಹತ್ತಿತೆಂದು ಹೆದರಿ, ಸ್ವಿಚ್ಚನ್ನು ಆರಿಸಿ ಹೊರಗೋಡಿ ನೋಡಿದರೆ, ಬೆಂಕಿಯ ಸುಳಿವೇ ಇಲ್ಲ. ಪೆಟ್ಟಿಗೆಯ ಬೆನ್ನಿನ ತುಂಬ ಅರೆಗರಗಿದ ಹಿಮ. ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯಲು ಹೊರಟವನನ್ನು ನೆರೆಮನೆಯ ಮುದುಕರೊಬ್ಬರು ಕೂಗಿ ತಡೆದರಂತೆ.

"ಸರ್, ಹೋದ ತಿಂಗಳು ಗೆಳೆಯನೊಡನೆ ರೋರೋಸ್ ಎಂಬ ಊರಿಗೆ ಹೋಗಿದ್ದೆ. ಅಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ. ಅಲ್ಲಿಯ ಮನೆಯಲ್ಲಿ ಇಂಥದೇ ಯಂತ್ರ ರಾತ್ರಿಯಿಡೀ ಸುಮ್ಮನೆ ನಡೆಯಿತು. ಸೊನ್ನೆಗಿಂತ ಮೇಲಿರುವ ನಮ್ಮೂರಿನಲ್ಲಿ ಗಂಟೆಗೊಮ್ಮೆ ಹೀಗೆ ನಿಂತುಬಿಡುತ್ತದೆ. ಇದು ಹೇಗೆ?" ಎಂಬುದು ಅವನ ಪ್ರಶ್ನೆ.

ಪ್ರಶ್ನೆ ಚೆನ್ನಾಗಿದೆ. ಹೆಚ್ಚು ಚಳಿಯಲ್ಲಿ ಹೆಚ್ಚು ಹಿಮ ಕಟ್ಟಬೇಕೆಂದು ಯಾರಿಗಾದರೂ ತೋರುವುದು ಸಹಜವೇ. ಆದರೆ ಶಾಖಪಂಪಿಗೆ ಹಿಮದ ಕಾಟ ಅತ್ಯಧಿಕವಾಗಿರುವುದು ಕಡುಚಳಿಯಲ್ಲಲ್ಲ, ಸೊನ್ನೆಯ ಆಸುಪಾಸಿನ ತೇವದ ಹವೆಯಲ್ಲಿ. ಆ ಕಾಟವನ್ನು ಒಂದು ಯಂತ್ರ ತಾಳಿಕೊಳ್ಳುವುದೋ ಇಲ್ಲವೋ ಎಂಬುದು, ಅದರ ಹೊರಗಿನ ಪೆಟ್ಟಿಗೆಯಲ್ಲಿ ಅಡಗಿರುವ ಕಾಗದದಷ್ಟು ತೆಳುವಾದ ಲೋಹದ ರೆಕ್ಕೆಗಳನ್ನು ಹೇಗೆ ಜೋಡಿಸಿದ್ದಾರೆಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಮೊದಲು ಯಂತ್ರದ ಪರಿಚಯ. ಶಾಖಪಂಪು ನಮಗೆ ಅಪರಿಚಿತವೇನೂ ಅಲ್ಲ. ಅಡುಗೆಮನೆಯ ರೆಫ್ರಿಜರೇಟರೇ ಒಂದು ಶಾಖಪಂಪು. ಅದರ ಬೆನ್ನಿಗೋ ಪಕ್ಕಕ್ಕೋ ಕೈಯಿಟ್ಟು ನೋಡಿದರೆ ಬೆಚ್ಚಗಿರುತ್ತದೆ. ಒಳಗಿನ ಹಾಲು ತರಕಾರಿಗಳಿಂದ ತೆಗೆದ ಶಾಖವನ್ನೂ, ಯಂತ್ರವನ್ನು ನಡೆಸಿದ ವಿದ್ಯುತ್ತಿನ ಶಕ್ತಿಯನ್ನೂ ಅದು ಅಡುಗೆಮನೆಗೆ ಸುರಿಯುತ್ತಿದೆ. ಈಗ ರೆಫ್ರಿಜರೇಟರಿನ ಬಾಗಿಲನ್ನು ಕಿತ್ತು, ಅದರ ಬಾಯಿ ಬಯಲಿಗೂ ಬೆನ್ನು ಕೋಣೆಗೂ ಬರುವಂತೆ ಗೋಡೆಯಲ್ಲಿ ಕೂಡಿಸಿದ್ದೇವೆಂದು ಊಹಿಸೋಣ. ಅದು ಬಯಲನ್ನೇ ತಣ್ಣಗೆ ಮಾಡಲು ಹೆಣಗುತ್ತ ಕೋಣೆಯನ್ನು ಬೆಚ್ಚಗೆ ಮಾಡುವುದು. ಶಾಖಪಂಪಿನ ಕೆಲಸ ಇಷ್ಟೇ.

ಇದರೊಳಗೆ ಸುಲಭವಾಗಿ ಆವಿಯಾಗುವ ಒಂದು ದ್ರವ ಸುತ್ತುತ್ತಿರುತ್ತದೆ; ಅದನ್ನು ಶೀತಕವೆನ್ನೋಣ. ಹೊರಗಿನ ಸುರುಳಿಯಲ್ಲಿ ಕಡಮೆ ಒತ್ತಡದಲ್ಲಿ ಅದು ಕುದಿದು ಆವಿಯಾಗುತ್ತದೆ. ಅದಕ್ಕೆ ಬೇಕಾದ ಗುಪ್ತೋಷ್ಣವನ್ನು ಹೊರಗಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ರಿಪೇರಿಯವರು ಕಂಪ್ರೆಸರ್ ಎನ್ನುವ ಸಂಪೀಡಕವು ಆ ಆವಿಯನ್ನು ಅದುಮಿ ಬಿಸಿಮಾಡಿ ಒಳಗಿನ ಸುರುಳಿಗೆ ದೂಡುತ್ತದೆ. ಅಲ್ಲಿ ಆವಿ ಮತ್ತೆ ದ್ರವವಾಗಿ, ಹೊತ್ತು ತಂದ ಶಾಖವನ್ನು ಕೋಣೆಗೆ ಒಪ್ಪಿಸುತ್ತದೆ.

2 ಡಿಗ್ರಿಯ ಗಾಳಿಯಲ್ಲಿ ಶಾಖವೆಲ್ಲಿಯದು ಎಂದು ವಾಚಕರು ಕೇಳಬಹುದು. ನಿರಪೇಕ್ಷ ಮಾನದಲ್ಲಿ ಅದು 275 ಡಿಗ್ರಿ; ಶಾಖಕ್ಕೇನೂ ಬರಗಾಲವಿಲ್ಲ. ಆದರೆ ಶಾಖ ಇಳಿಜಾರಿನಲ್ಲಿ ಮಾತ್ರ ತಾನಾಗಿ ಹರಿಯುತ್ತದೆ. ಆದ್ದರಿಂದ 2 ಡಿಗ್ರಿಯ ಗಾಳಿಯಿಂದ ಅದು ಸುರುಳಿಗೆ ಹರಿಯಬೇಕಾದರೆ ಸುರುಳಿ ಅದಕ್ಕಿಂತ ತಣ್ಣಗಿರಬೇಕು. ಸಾಮಾನ್ಯ ಯಂತ್ರವೊಂದರಲ್ಲಿ ಶೀತಕ -8 ಡಿಗ್ರಿಯಲ್ಲಿ ಕುದಿಯುತ್ತಿದ್ದು, ರೆಕ್ಕೆಗಳ ಮೈ -6 ಡಿಗ್ರಿಯಲ್ಲಿದೆ ಎಂದಿಟ್ಟುಕೊಳ್ಳೋಣ. ತೊಂದರೆಯ ಬೀಜ ಇಲ್ಲಿದೆ: ಹವೆ ಸೊನ್ನೆಗಿಂತ ಮೇಲಿದ್ದರೂ ಯಂತ್ರದ ಮೈ ಸೊನ್ನೆಗಿಂತ ಕೆಳಗಿದೆ.

ಈ ಇಳಿಜಾರಿಗೆ ನಾವು ತೆರುವ ಬೆಲೆಯನ್ನೂ ಲೆಕ್ಕ ಹಾಕಿಬಿಡಬಹುದು. ಒಂದು ಪಾಲು ವಿದ್ಯುತ್ತಿಗೆ ಎಷ್ಟು ಪಾಲು ಶಾಖ ದೊರೆಯುತ್ತದೆಂಬ ಸಂಖ್ಯೆಯೇ ಯಂತ್ರದ ಕಾರ್ಯಗುಣಾಂಕ. ಕಾರ್ನೋ ನಿಯಮದಂತೆ, ಬಿಸಿ ತುದಿಯ ನಿರಪೇಕ್ಷ ಉಷ್ಣತೆಯನ್ನು ಎರಡು ತುದಿಗಳ ಅಂತರದಿಂದ ಭಾಗಿಸಿದರೆ ಅದರ ಪರಮಾವಧಿ ದೊರೆಯುತ್ತದೆ. ಒಳಗಿನ ಸುರುಳಿ 40 ಡಿಗ್ರಿಯಲ್ಲಿ, ಎಂದರೆ ನಿರಪೇಕ್ಷ 313ರಲ್ಲಿ ಇದ್ದು, ಹೊರಗಿನದು -8ರಲ್ಲಿದ್ದರೆ, 313ನ್ನು 48ರಿಂದ ಭಾಗಿಸಿ 6.5. ನಿಜವಾದ ಯಂತ್ರಗಳು ಸುಮಾರಾಗಿ ಇದರ ಅರ್ಧವನ್ನು ಸಾಧಿಸುತ್ತವೆ. ಹೊರಗಿನ ಸುರುಳಿಯನ್ನು ಹೇಗಾದರೂ -4ಕ್ಕೆ ಏರಿಸಬಲ್ಲೆವಾದರೆ ಅದು 7.1 ಆಗುತ್ತದೆ, -16ಕ್ಕೆ ಕುಸಿಯಲು ಬಿಟ್ಟರೆ 5.6. ಒಂದೊಂದು ಡಿಗ್ರಿಗೂ ನೂರಕ್ಕೆ ಎರಡರಷ್ಟು ಲಾಭ ಅಥವಾ ನಷ್ಟ. ಈ ಮೂರು ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಈ ಯಂತ್ರದಿಂದ ಕಟ್ಟಡಗಳನ್ನು ಬೆಚ್ಚಗಿಡಬಹುದೆಂದು ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದವರು, 1852ರಲ್ಲಿಯೇ ತೋರಿಸಿದ್ದರು. ಕಾರ್ಯರೂಪಕ್ಕೆ ಬರಲು ಬಹುಕಾಲ ಹಿಡಿಯಿತು. ಯೂರೋಪಿನ ಮೊದಮೊದಲ ದೊಡ್ಡ ಶಾಖಪಂಪುಗಳು ಗಾಳಿಯನ್ನು ನೆಚ್ಚಲಿಲ್ಲವೆಂಬುದು ಗಮನಾರ್ಹ. 1938ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ಪುರಭವನಕ್ಕೆ ಕೂಡಿಸಿದ ಯಂತ್ರವು ಪಕ್ಕದಲ್ಲೇ ಹರಿಯುವ ಲಿಮ್ಮಾತ್ ನದಿಯಿಂದ ಶಾಖವನ್ನು ಪಡೆಯಿತು; 1945ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಜಾನ್ ಸಮ್ನರ್ ಅವರು ಕಟ್ಟಿದ ಯಂತ್ರ ವೆನ್ಸಮ್ ನದಿಯಿಂದ. ಹರಿಯುವ ನೀರಿಗೆ ಹಿಮದ ಪುಡಿ ಅಂಟಿಸುವ ಚಾಳಿಯಿಲ್ಲ. ಆದರೆ ಎಲ್ಲರ ಹಿತ್ತಿಲಲ್ಲೂ ನದಿ ಹರಿಯುವುದೆ? ಗಾಳಿಯಾದರೋ ಎಲ್ಲರ ಬಾಗಿಲಲ್ಲಿಯೂ ಉಂಟು, ಪುಕ್ಕಟೆಯಾಗಿ. ಅದಕ್ಕೇ ಇಂದು ಸಾಮಾನ್ಯ ಮನೆಗಳಲ್ಲಿ ಕಾಣುವುದು ಬಹುತೇಕ ಗಾಳಿಯಿಂದ ಶಾಖ ಹೀರುವ ಯಂತ್ರಗಳೇ. ಗಾಳಿಯೊಡನೆ ಕರೆಯದ ಅತಿಥಿಯೊಬ್ಬ ಬರುತ್ತಾನೆ: ನೀರಾವಿ.

ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. ಲೋಟದ ಮೈ ಗಾಳಿಯ ಇಬ್ಬನಿ ಬಿಂದುವಿಗಿಂತ ತಣ್ಣಗಿದ್ದರೆ ನೀರಾವಿ ಹನಿಯಾಗಿ ಕೂಡುತ್ತದೆ. ಆ ಮೈ ಸೊನ್ನೆಗಿಂತಲೂ ತಣ್ಣಗಿದ್ದರೆ ನೀರಾವಿ ಹರಳುಗಳಾಗಿ ಬೆಳೆಯುತ್ತದೆ. ನಾವು ಇಲ್ಲಿ ಹಿಮವೆಂದು ಕರೆಯುತ್ತಿರುವುದು ಇದನ್ನು. ಆಕಾಶದಿಂದ ಉದುರುವ ಹಿಮವನ್ನಲ್ಲ. ಹಳೆಯ ಮಾದರಿಯ ರೆಫ್ರಿಜರೇಟರಿನ ಮೇಲಂಕಣದಲ್ಲಿ ಬೆಳೆಯುತ್ತಿದ್ದ ಬಿಳಿಯ ಹೊದಿಕೆ ಇದೇ. ಚಿಕ್ಕವರಾಗಿದ್ದಾಗ ನಾವೂ ಒಮ್ಮೆ ಆ ಹೊದಿಕೆಯನ್ನು ತರಕಾರಿ ಹೆಚ್ಚುವ ಚಾಕುವಿನಿಂದ ಕೆತ್ತಲು ಹೋಗಿ ಒಳಗಿನ ತೆಳುತಗಡನ್ನು ತೂತು ಮಾಡಿದ್ದೆವು. ಬುಸ್ಸೆಂದು ಅನಿಲ ಹೊರಟುಹೋಯಿತು. ತಿಂಗಳ ಕೊನೆಯಲ್ಲಿ ಅಪ್ಪನವರಿಗೆ ರಿಪೇರಿಯ ಖರ್ಚು ಬಂದಿತು. ಬರ್ಗೆನ್ನಿನ ಆ ಮುದುಕರು ನಮ್ಮ ವಿದ್ಯಾರ್ಥಿಯನ್ನು ಎಂಥ ಸಂಕಟದಿಂದ ಪಾರುಮಾಡಿದರೆಂಬುದನ್ನು ನಾವು ಬಲ್ಲೆವು.

ಈಗ ಎರಡು ಊರುಗಳನ್ನು ಹೋಲಿಸೋಣ. ಬರ್ಗೆನ್ ಸಮುದ್ರತೀರದ ಊರು. ಜನವರಿಯಲ್ಲಿ ಅಲ್ಲಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲೆ. ವರ್ಷಕ್ಕೆ ಎರಡು ಮೀಟರಿಗೂ ಮಿಕ್ಕಿ ಮಳೆ. ಮಂಗಳೂರಿನವರಿಗೆ ಈ ಮಳೆ ದೊಡ್ಡದೆನಿಸದು, ಆದರೆ ಅಲ್ಲಿ ಅದು ಚಳಿಗಾಲದಲ್ಲೂ ಸುರಿಯುತ್ತದೆ. ರೋರೋಸ್ ಒಳನಾಡಿನ ಎತ್ತರದಲ್ಲಿರುವ ಹಳೆಯ ತಾಮ್ರದ ಗಣಿಯೂರು. 1914ರಲ್ಲಿ ಅಲ್ಲಿ ಉಷ್ಣತೆ -50 ಡಿಗ್ರಿಗಿಂತಲೂ ಕೆಳಗಿಳಿದದ್ದುಂಟು.

ಗಾಳಿ ತಣ್ಣಗಾದಷ್ಟೂ ಅದು ಹೊರಬಲ್ಲ ನೀರಾವಿ ಬಹುಬೇಗ ಇಳಿಯುತ್ತದೆ. 2 ಡಿಗ್ರಿಯ ಗಾಳಿ ಘನಮೀಟರಿಗೆ ಹೆಚ್ಚೆಂದರೆ 5.6 ಗ್ರಾಂ ಹೊತ್ತೀತು. ಮಳೆಯ ದಿನ ಅದರ ನೂರಕ್ಕೆ ತೊಂಬತ್ತು ಪಾಲು, ಎಂದರೆ 5 ಗ್ರಾಂ, ನಿಜವಾಗಿ ಇರುತ್ತದೆ. -6 ಡಿಗ್ರಿಯ ರೆಕ್ಕೆಯನ್ನು ಸವರಿದ ಗಾಳಿಯಲ್ಲಿ ಉಳಿಯಬಲ್ಲದ್ದು 3 ಗ್ರಾಂ ಮಾತ್ರ. ಹಾಯ್ದ ಗಾಳಿಯಲ್ಲಿ ಅರ್ಧದಷ್ಟಾದರೂ ರೆಕ್ಕೆಯ ಮೈಗೆ ತಾಗುತ್ತದೆಂದರೆ, ಪ್ರತಿ ಘನಮೀಟರೂ ಸರಾಸರಿ 1 ಗ್ರಾಂ ನೀರನ್ನು ಅಲ್ಲಿ ಬಿಟ್ಟುಹೋಗುತ್ತದೆ. ಮನೆಬಳಕೆಯ ಯಂತ್ರದ ಫ್ಯಾನು ಗಂಟೆಗೆ 2000 ಘನಮೀಟರಿನಷ್ಟು ಗಾಳಿಯನ್ನು ಎಳೆಯುತ್ತದೆ. ಗಂಟೆಗೆ 2 ಕಿಲೋಗ್ರಾಂ ಹಿಮವಾಯಿತು!

ರೋರೋಸ್‌ನ -20 ಡಿಗ್ರಿಯ ಗಾಳಿ ಹೊರಬಲ್ಲದ್ದೇ ಘನಮೀಟರಿಗೆ 0.9 ಗ್ರಾಂ. ರೆಕ್ಕೆಗಳು -27ರಲ್ಲಿದ್ದರೂ, ಗಾಳಿ ಪೂರ್ಣ ತೇವದಿಂದ ಕೂಡಿದ್ದರೂ, ಅದು ಬಿಟ್ಟುಹೋಗುವುದು 0.2 ಗ್ರಾಂ. ಬರ್ಗೆನ್ನಿನಲ್ಲಿ ಒಂದು ಗಂಟೆಯಲ್ಲಿ ಕೂಡುವ ಹಿಮ ಅಲ್ಲಿ ಕೂಡಲು ಐದು ಗಂಟೆ ಬೇಕು. ರೋರೋಸ್‌ನ ಯಂತ್ರ ಸುಖವಾಗಿದೆಯೆಂದು ಇದರ ಅರ್ಥವಲ್ಲ. ಎರಡು ತುದಿಗಳ ಅಂತರ ಅಲ್ಲಿ ದೊಡ್ಡದಾದ್ದರಿಂದ ಅದರ ಕಾರ್ಯಗುಣಾಂಕ ಕಡಮೆಯೇ. ಆದರೆ ಅದಕ್ಕೆ ಉಸಿರುಗಟ್ಟುವುದಿಲ್ಲ.

ಉಸಿರುಗಟ್ಟುವುದು ಎಂದೆವು. ಹಿಮ ಯಂತ್ರವನ್ನು ಹೇಗೆ ಕೆಡಿಸುತ್ತದೆಂಬ ವಿಷಯದಲ್ಲಿ ಎರಡು ತಪ್ಪು ಕಲ್ಪನೆಗಳು ಪ್ರಚಾರದಲ್ಲಿವೆ. ಹಿಮಗಟ್ಟುವುದರಿಂದ ಶಾಖ ನಷ್ಟವಾಗುತ್ತದೆಂಬುದು ಒಂದು. ನಿಜಸ್ಥಿತಿ ಇದಕ್ಕೆ ತದ್ವಿರುದ್ಧ. ಒಂದು ಕಿಲೋಗ್ರಾಂ ನೀರಾವಿ ಹಿಮವಾಗುವಾಗ 2830 ಕಿಲೋಜೂಲ್ ಶಾಖವನ್ನು ರೆಕ್ಕೆಗೆ ಒಪ್ಪಿಸುತ್ತದೆ. ಮೇಲಿನ ಲೆಕ್ಕದಲ್ಲಿ, ಯಂತ್ರ ಹೊರಗಿನಿಂದ ಪಡೆಯುವ ಒಟ್ಟು ಶಾಖದ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಹೀಗೆ ಬಂದದ್ದು. ಮುಂದೆ ಆ ಹಿಮವನ್ನು ಕರಗಿಸಿ ನೀರಾಗಿ ಹೊರಗೆ ಬಿಡಲು ಕಿಲೋಗ್ರಾಮಿಗೆ 334 ಕಿಲೋಜೂಲ್ ಸಾಕು. ಕೊಟ್ಟದ್ದು ಹೆಚ್ಚು, ಕೇಳಿದ್ದು ಕಡಮೆ.

ಇನ್ನೊಂದು ಕಲ್ಪನೆ, ಹಿಮವು ಕಂಬಳಿಯಂತೆ ರೆಕ್ಕೆಯನ್ನು ಹೊದ್ದು ಶಾಖವನ್ನು ತಡೆಯುತ್ತದೆಂಬುದು. ಇದರಲ್ಲಿ ಸತ್ಯವುಂಟು, ಆದರೆ ಸ್ವಲ್ಪವೇ. ಸೂಜಿಗಳ ರಾಶಿಯಂತಿರುವ ಹಿಮದಲ್ಲಿ ಬಹುಭಾಗ ಗಾಳಿಯೇ ಆದ್ದರಿಂದ ಅದರ ಶಾಖವಾಹಕತೆ ಅಲ್ಯುಮಿನಿಯಮಿನದರ ಸುಮಾರು ಸಾವಿರದಲ್ಲೊಂದು ಪಾಲು. ಆದರೂ ಅದರ ಪದರ ಅರ್ಧ ಮಿಲಿಮೀಟರಿಗಿಂತ ತೆಳುವಾಗಿರುವವರೆಗೆ, ರೆಕ್ಕೆಗೆ ಅಂಟಿಕೊಂಡಂತಿರುವ ಗಾಳಿಯ ಪೊರೆ ಒಡ್ಡುವ ತಡೆ ಇದರ ಹತ್ತು ಪಟ್ಟಿಗೂ ಹೆಚ್ಚಾಗಿರುತ್ತದೆ. ಅಷ್ಟೇ ಅಲ್ಲ, ಮೊದಲ ಕೆಲವು ನಿಮಿಷಗಳಲ್ಲಿ ಹಿಮದ ಹರಳುಗಳು ರೆಕ್ಕೆಯ ನುಣುಪನ್ನು ಕೆಡಿಸಿ ಗಾಳಿಯನ್ನು ಕಲಕುವುದರಿಂದ ಶಾಖದ ಹರಿವು ತುಸು ಹೆಚ್ಚುವುದೂ ಉಂಟು.

ನಿಜವಾದ ಅಪರಾಧ ಬೇರೆ: ಹಿಮವು ಗಾಳಿಯ ದಾರಿಯನ್ನು ಮುಚ್ಚುತ್ತದೆ. ಇದನ್ನು ಅರಿಯಲು ಪೆಟ್ಟಿಗೆಯ ಒಳಗನ್ನು ನೋಡಬೇಕು.

ಶೀತಕ ಹರಿಯುವ ತಾಮ್ರದ ಕೊಳವೆಗಳು ಮಾತ್ರವೇ ಇದ್ದರೆ ಗಾಳಿಗೆ ತಾಗುವ ಮೈ ಸಾಲದು. ಆದ್ದರಿಂದ ಕೊಳವೆಗಳನ್ನು ನೂರಾರು ತೆಳುವಾದ ಅಲ್ಯುಮಿನಿಯಂ ಹಾಳೆಗಳ ಮೂಲಕ ತೂರಿಸಿರುತ್ತಾರೆ. ಪುಸ್ತಕದ ಹಾಳೆಗಳನ್ನು ನಿಲ್ಲಿಸಿ ದಬ್ಬಳ ಚುಚ್ಚಿದಂತೆ. ಈ ಹಾಳೆಗಳೇ ರೆಕ್ಕೆಗಳು. 80 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರ, 4 ಸೆಂಟಿಮೀಟರ್ ದಪ್ಪದ ಇಂಥದೊಂದು ಚೌಕಟ್ಟನ್ನು ತೆಗೆದುಕೊಳ್ಳೋಣ. 1.5 ಮಿಲಿಮೀಟರಿಗೊಂದರಂತೆ ರೆಕ್ಕೆ ಜೋಡಿಸಿದರೆ 530ರಷ್ಟು ರೆಕ್ಕೆಗಳು ಹಿಡಿಯುತ್ತವೆ. ಎರಡು ಮೈಗಳನ್ನೂ ಎಣಿಸಿದರೆ ಒಟ್ಟು ವಿಸ್ತಾರ 25 ಚದರ ಮೀಟರಿಗೂ ಹೆಚ್ಚು. ಒಂದು ದೊಡ್ಡ ಕೋಣೆಯ ನೆಲದಷ್ಟು ಮೈಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಬಹುದಾದ ಚೌಕಟ್ಟಿನಲ್ಲಿ ಅಡಗಿಸಿದಂತಾಯಿತು.

ಇದರ ಮೇಲೆ ಗಂಟೆಗೆ 2 ಕಿಲೋಗ್ರಾಂ ಹಿಮ. ಎಳೆಯ ಹಿಮ ಬಹಳ ಹಗುರ. ಕಿಲೋಗ್ರಾಮಿಗೆ 5 ಲೀಟರ್ ಜಾಗ ಹಿಡಿಯುತ್ತದೆಂದರೆ ಒಟ್ಟು 10 ಲೀಟರ್. ಇಷ್ಟು ವಿಸ್ತಾರದ ಮೇಲೆ ಸಮನಾಗಿ ಹರಡಿದರೆ ದಪ್ಪ 0.4 ಮಿಲಿಮೀಟರ್. ಅತ್ಯಲ್ಪವೆಂದು ತೋರುತ್ತದೆ. ಆದರೆ ಎರಡು ರೆಕ್ಕೆಗಳ ನಡುವಿನ ಕಿಂಡಿ 1.4 ಮಿಲಿಮೀಟರ್ ಮಾತ್ರ. ಎರಡು ಕಡೆಯಿಂದಲೂ ಹಿಮ ಬೆಳೆದು ಅದರಲ್ಲಿ 0.8 ಮಿಲಿಮೀಟರನ್ನು ಕಬಳಿಸಿತು. ಇಕ್ಕಟ್ಟಾದ ಕಿಂಡಿಯಲ್ಲಿ ಗಾಳಿಯ ಹರಿವಿಗೆ ಎದುರಾಗುವ ತಡೆ ಕಿಂಡಿಯ ಅಗಲದ ಘನಕ್ಕೆ ವಿಲೋಮವಾಗಿ ಏರುತ್ತದೆ. ಅಗಲ ಅರ್ಧವಾದರೆ ಅಷ್ಟೇ ಗಾಳಿಯನ್ನು ದೂಡಲು ಎಂಟು ಪಟ್ಟು ಒತ್ತಡ ಬೇಕು. ಸಣ್ಣ ಫ್ಯಾನಿಗೆ ಅಷ್ಟು ಶಕ್ತಿಯೆಲ್ಲಿ? ಗಾಳಿ ಕುಗ್ಗುತ್ತದೆ. ಗಾಳಿ ಕುಗ್ಗಿದರೆ ಶಾಖ ಕುಗ್ಗುತ್ತದೆ. ಸಂಪೀಡಕ ಹೀರುವುದನ್ನು ನಿಲ್ಲಿಸದ್ದರಿಂದ ಶೀತಕದ ಒತ್ತಡವೂ ಉಷ್ಣತೆಯೂ ಇಳಿಯುತ್ತವೆ. ರೆಕ್ಕೆಗಳು ಮತ್ತಷ್ಟು ತಣ್ಣಗಾಗಿ, ಇರುವಷ್ಟು ಗಾಳಿಯಿಂದ ಇನ್ನೂ ಹೆಚ್ಚು ತೇವವನ್ನು ಹಿಂಡುತ್ತವೆ. ಒಮ್ಮೆ ಈ ವಿಷಚಕ್ರ ತಿರುಗತೊಡಗಿತೆಂದರೆ ಕೊನೆಯ ಹತ್ತು ನಿಮಿಷಗಳಲ್ಲಿ ಯಂತ್ರ ಸರಸರನೆ ಕುಸಿಯುತ್ತದೆ. ಮೇಲೆ ಹೇಳಿದ 6.5 ಎಂಬ ಸಂಖ್ಯೆ 5.6ಕ್ಕೆ ಇಳಿಯುವುದು ಹೀಗೆ. ಅದಕ್ಕಿಂತ ಕೆಟ್ಟದ್ದೆಂದರೆ, ಆವಿ ತೆಳುವಾಗಿ, ಸಂಪೀಡಕದ ಒಂದೊಂದು ಸುತ್ತಿಗೂ ಸಾಗುವ ಶೀತಕವೇ ಕಡಮೆಯಾಗಿ, ಕೋಣೆಗೆ ಬರುವ ಶಾಖದ ಮೊತ್ತವೇ ಇಳಿದುಬಿಡುತ್ತದೆ.

ಹಾಗಾದರೆ ರೆಕ್ಕೆಗಳನ್ನು ದೂರದೂರ ಇಟ್ಟರಾಯಿತಲ್ಲ? ನಾವೂ ಮೊದಲು ಹೀಗೆಯೇ ಎಣಿಸಿದ್ದೆವು; ಲೆಕ್ಕ ಬೇರೆಯೇ ಹೇಳುತ್ತದೆ. ಅದೇ ಚೌಕಟ್ಟಿನಲ್ಲಿ 3 ಮಿಲಿಮೀಟರಿಗೊಂದು ರೆಕ್ಕೆ ಇಟ್ಟರೆ ಮೈಯ ವಿಸ್ತಾರ ಅರ್ಧವಾಗುತ್ತದೆ. ಅದೇ 10 ಲೀಟರ್ ಹಿಮ ಎರಡರಷ್ಟು ದಪ್ಪವಾಗಿ ಕೂಡುತ್ತದೆ. ಕಿಂಡಿ ಆಗಲೂ ಅರ್ಧಕ್ಕಿಂತ ಹೆಚ್ಚು ಮುಚ್ಚುತ್ತದೆ. ಆಶ್ಚರ್ಯವೇನಿಲ್ಲ. ಚೌಕಟ್ಟಿನ ಒಟ್ಟು ಘನ ಅಳತೆ 19 ಲೀಟರ್. 10 ಲೀಟರ್ ಹಿಮ ಅದನ್ನು ಹೇಗಿದ್ದರೂ ಅರ್ಧ ತುಂಬಲೇಬೇಕು. ರೆಕ್ಕೆ ದೂರವಾದುದರ ಲಾಭ ಬೇರೆ ಕಡೆಯಿಂದ ಬರುತ್ತದೆ. ಹಿಮವಿಲ್ಲದಾಗ ಅಗಲ ಕಿಂಡಿಯ ತಡೆ ಇಕ್ಕಟ್ಟಿನದರ ನಾಲ್ಕನೆಯ ಒಂದು ಪಾಲು ಮಾತ್ರ. ಆದ್ದರಿಂದ ಅದು ಅರ್ಧ ಮುಚ್ಚಿ ಎಂಟು ಪಟ್ಟಾದರೂ, ಇಕ್ಕಟ್ಟಿನ ರೆಕ್ಕೆಗಳ ಶುಭ್ರಸ್ಥಿತಿಯ ಎರಡು ಪಟ್ಟನ್ನು ಮೀರುವುದಿಲ್ಲ. ಫ್ಯಾನು ಇದನ್ನು ಹೇಗೋ ಸಹಿಸುತ್ತದೆ. ನಷ್ಟವೂ ಉಂಟು: ಮೈ ಅರ್ಧವಾದ್ದರಿಂದ ಅಷ್ಟೇ ಶಾಖವನ್ನೆಳೆಯಲು ರೆಕ್ಕೆಗಳು ಇನ್ನೂ ತಣ್ಣಗಿರಬೇಕು, ಹಿಮವಿಲ್ಲದ ದಿನಗಳಲ್ಲೂ ವಿದ್ಯುತ್ತಿನ ಖರ್ಚು ಹೆಚ್ಚು. ತರಕಾರಿ ಮೀನುಗಳ ಶೀತಲಗೃಹಗಳಲ್ಲಿ ಇದಕ್ಕೊಂದು ನಡುದಾರಿ ಹಿಂದಿನಿಂದ ಬಳಕೆಯಲ್ಲಿದೆ. ಹಿಮ ಮೊದಲು ಕೂಡುವುದು ಗಾಳಿ ಒಳಹೊಗುವ ಅಂಚಿನಲ್ಲಾದ್ದರಿಂದ ಮುಂದಿನ ಸಾಲಿನ ರೆಕ್ಕೆಗಳನ್ನು ವಿರಳವಾಗಿಯೂ ಹಿಂದಿನವನ್ನು ಒತ್ತಾಗಿಯೂ ಇಡುತ್ತಾರೆ.

ಇದಕ್ಕಿಂತ ಒಳ್ಳೆಯ ಉಪಾಯ ಚೌಕಟ್ಟನ್ನೇ ದೊಡ್ಡದು ಮಾಡುವುದು. ಅದರ ಮುಖದ ವಿಸ್ತಾರವನ್ನೂ ಗಾಳಿಯನ್ನೂ ಇಮ್ಮಡಿಗೊಳಿಸಿದರೆ, ಅಷ್ಟೇ ಶಾಖವನ್ನೆಳೆಯಲು ಗಾಳಿಗೂ ರೆಕ್ಕೆಗೂ 8 ಡಿಗ್ರಿಯ ಬದಲು 4 ಡಿಗ್ರಿ ಅಂತರ ಸಾಕು. ರೆಕ್ಕೆ -6ರಿಂದ -2ಕ್ಕೆ ಏರಿತು. -2ರ ಗಾಳಿಯಲ್ಲಿ 4.1 ಗ್ರಾಂ ನೀರಾವಿ ಉಳಿಯಬಲ್ಲದು. ಆದ್ದರಿಂದ ಪ್ರತಿ ಘನಮೀಟರೂ ಬಿಟ್ಟುಹೋಗುವುದು ಒಂದು ಗ್ರಾಮಿಗೆ ಬದಲಾಗಿ 0.4 ಗ್ರಾಂ. ಗಾಳಿ ಇಮ್ಮಡಿಯಾದ್ದರಿಂದ ಹಿಮದ ಒಟ್ಟು ತೂಕ ತುಸುವೇ ಇಳಿಯುತ್ತದೆ, ಸರಿ. ಆದರೆ ಅದು ಎರಡರಷ್ಟು ಮೈಯ ಮೇಲೆ ಹರಡಿರುವುದರಿಂದ ದಪ್ಪ ಅರ್ಧಕ್ಕಿಂತ ಕಡಮೆ. ಕಾರ್ಯಗುಣಾಂಕವೂ ನಾವು ಮೊದಲೇ ಕಂಡಂತೆ 6.5ರಿಂದ 7.1ರ ಕಡೆಗೆ ಏರುತ್ತದೆ. ಹೊರಗೆ 4 ಡಿಗ್ರಿ ಇರುವ ದಿನವಂತೂ ಇನ್ನೂ ಸೊಗಸು: ಚಿಕ್ಕ ಯಂತ್ರದ ರೆಕ್ಕೆ -4ರಲ್ಲಿದ್ದು ಹಿಮ ಹಿಡಿಯುತ್ತಿದ್ದರೆ, ದೊಡ್ಡದರ ರೆಕ್ಕೆ ಸೊನ್ನೆಯಲ್ಲಿದ್ದು ನೀರನ್ನಷ್ಟೆ ತೊಟ್ಟಿಕ್ಕುತ್ತದೆ. ಹಿಮಕ್ಕೆ ಒಳ್ಳೆಯ ಮದ್ದು ಹಿಮಗಟ್ಟಲು ಬಿಡದಿರುವುದೇ. ಆದರೆ ದೊಡ್ಡ ಚೌಕಟ್ಟಿಗೆ ತಾಮ್ರವೂ ಅಲ್ಯುಮಿನಿಯಮೂ ಹಣವೂ ಹೆಚ್ಚು ಬೇಕು, ಹಿತ್ತಿಲಲ್ಲಿ ಜಾಗವೂ ಬೇಕು. ಎರಡು ಯಂತ್ರಗಳ ಸಂಪೀಡಕ ಒಂದೇ ಆಗಿದ್ದು, ಒಂದರ ಹೊರಪೆಟ್ಟಿಗೆ ದೊಡ್ಡದಾಗಿ ಬೆಲೆ ಹೆಚ್ಚಾಗಿದ್ದರೆ, ಕೊಳ್ಳುವವರು ಸುಮ್ಮನೆ ಮುಖ ತಿರುಗಿಸಬಾರದು.

ರೆಕ್ಕೆಯ ಆಕಾರದಲ್ಲಿಯೂ ಇಂಥದೇ ಇಬ್ಬಗೆಯುಂಟು. ಗಾಳಿಯ ಪೊರೆಯನ್ನು ಮುರಿಯಲು ರೆಕ್ಕೆಗಳಲ್ಲಿ ಜಾಲಂದ್ರದಂತೆ ಸಣ್ಣಸಣ್ಣ ಸೀಳುಗಳನ್ನು ಕತ್ತರಿಸಿ ಎತ್ತಿರುತ್ತಾರೆ. ಒಣಹವೆಯಲ್ಲಿ ಇವು ಸಪಾಟಾದ ರೆಕ್ಕೆಗಿಂತ ಬಹಳ ಮೇಲು. ಆದರೆ ಸೀಳಿನ ಹರಿತವಾದ ಅಂಚೇ ಹಿಮಕ್ಕೆ ಅಚ್ಚುಮೆಚ್ಚಿನ ತಾಣ. ಸ್ವಲ್ಪ ಹೊತ್ತಿನಲ್ಲೇ ಸೀಳು ಮುಚ್ಚಿಹೋಗಿ, ಅದಕ್ಕಾಗಿ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. ತೇವದ ಚಳಿನಾಡಿಗೆ ಸಪಾಟಾದ ಅಥವಾ ಮೆಲ್ಲನೆ ಅಲೆಯಾಡುವ ರೆಕ್ಕೆಯೇ ಲೇಸು. ಕೊಳವೆಗಳ ನಡುವೆ ಶೀತಕದ ಹಂಚಿಕೆ ಸಮನಾಗಿರಬೇಕೆಂಬುದೂ ಮುಖ್ಯ. ಇಲ್ಲದಿದ್ದರೆ ಹೆಚ್ಚು ತಣ್ಣಗಾದ ಮೂಲೆಯಲ್ಲಿ ಹಿಮ ಮೊದಲು ಬೇರೂರುತ್ತದೆ.

ಕಟ್ಟಿದ ಹಿಮವನ್ನು ಕಳೆಯುವ ಕ್ರಮವೇ ನಮ್ಮ ವಿದ್ಯಾರ್ಥಿಯನ್ನು ಹೆದರಿಸಿದ್ದು. ಯಂತ್ರದಲ್ಲಿ ನಾಲ್ಕು ದಾರಿಗಳ ಒಂದು ಕವಾಟವಿದೆ. ಅದು ಹೊರಳಿದರೆ ಶೀತಕದ ಪಯಣ ತಿರುಗುಮುರುಗಾಗಿ, ಯಂತ್ರ ಕೆಲವು ನಿಮಿಷ ಕೋಣೆಯಿಂದ ಶಾಖವನ್ನು ತೆಗೆದು ಹೊರಗಿನ ಸುರುಳಿಗೆ ಕೊಡುತ್ತದೆ. ಆ ಶಾಖ ಗಾಳಿಪಾಲಾಗದಂತೆ ಹೊರಗಿನ ಫ್ಯಾನು ನಿಲ್ಲುತ್ತದೆ; ಒಳಗೆ ತಣ್ಣನೆಯ ಗಾಳಿ ಬೀಸದಂತೆ ಒಳಗಿನದೂ ನಿಲ್ಲುತ್ತದೆ. ಹಿಮ ಕರಗಿ ನೀರಾಗುವಾಗ ಸ್ವಲ್ಪ ಆವಿಯಾಗಿ ಮೇಲೆದ್ದು ತಣ್ಣನೆಯ ಹವೆಯಲ್ಲಿ ಮಂಜಾಗುತ್ತದೆ. ಅವನು ಕಂಡ ಹೊಗೆ ಇದೇ. 2 ಕಿಲೋಗ್ರಾಂ ಹಿಮ ಕರಗಿಸಲು ಬೇಕಾದುದು 670 ಕಿಲೋಜೂಲ್. 6 ಕಿಲೋವಾಟಿನ ಯಂತ್ರ ಒಂದು ಗಂಟೆಯಲ್ಲಿ ಕೊಡುವ ಶಾಖದಲ್ಲಿ ಇದು ನೂರಕ್ಕೆ ಮೂರು ಪಾಲು. ಲೋಹವನ್ನು ಬಿಸಿಮಾಡಿದ್ದು, ಆವಿಯಾಗಿ ಹೋದದ್ದು ಎಲ್ಲ ಸೇರಿ ಇದರ ಎರಡರಷ್ಟಾದರೂ ಭಯಪಡುವಂಥದೇನಲ್ಲ. ದುಬಾರಿಯಾಗುವುದು ಕರಗಿಸುವ ಮುಂಚಿನ ಉಸಿರುಗಟ್ಟಿದ ಹೊತ್ತು, ಮತ್ತು ಮುಚ್ಚಿರದ ಸುರುಳಿಯನ್ನೂ ಗಡಿಯಾರ ನೋಡಿ ಸುಮ್ಮನೆ ಕಾಯಿಸುವುದು. ಈಗಿನ ಒಳ್ಳೆಯ ಯಂತ್ರಗಳು ಗಡಿಯಾರವನ್ನು ನೋಡದೆ ಸುರುಳಿಯ ಉಷ್ಣತೆಯನ್ನು ಗಮನಿಸಿ ನಿರ್ಧರಿಸುತ್ತವೆ.

ಆದರೆ ಕರಗಿದ ನೀರು ಹೋಗುವುದೆಲ್ಲಿಗೆ? ವಿನ್ಯಾಸಕಾರರು ಇದನ್ನು ಬಹುಕಾಲ ಅಸಡ್ಡೆ ಮಾಡಿದರೆಂದು ನಮಗೆ ತೋರುತ್ತದೆ. ಒತ್ತಾದ ಎರಡು ಹಾಳೆಗಳ ನಡುವೆ ಕೇಶಾಕರ್ಷಣದಿಂದ ನೀರು ನಿಲ್ಲುತ್ತದೆ. 1.4 ಮಿಲಿಮೀಟರ್ ಕಿಂಡಿಯಲ್ಲಿ ಈ ನೀರಿನ ಎತ್ತರ ಸುಮಾರು 1 ಸೆಂಟಿಮೀಟರ್. ನಮ್ಮ ಚೌಕಟ್ಟಿನ ಬುಡದುದ್ದಕ್ಕೂ ಇದನ್ನು ಕೂಡಿದರೆ ಲೀಟರಿನ ಮೂರನೆಯ ಒಂದು ಪಾಲು. ಯಂತ್ರ ಮತ್ತೆ ಹೊರಟೊಡನೆ ಈ ನೀರು ಗಟ್ಟಿ ಮಂಜುಗಡ್ಡೆಯಾಗಿ ಮುಂದಿನ ಹಿಮಕ್ಕೆ ಪಾಯ ಹಾಕುತ್ತದೆ. ಕಿಂಡಿ ಅಗಲವಾದರೆ ನಿಲ್ಲುವ ನೀರೂ ಅರ್ಧವಾಗುತ್ತದೆ. ನೀರು ಹನಿಗಟ್ಟದೆ ತೆಳುವಾಗಿ ಹರಡಿ ಜಾರಿಹೋಗುವಂತೆ ರೆಕ್ಕೆಗಳಿಗೆ ಲೇಪ ಕೊಡುವುದು ಈಗ ಸಾಮಾನ್ಯ. ಇದಕ್ಕೆ ವಿರುದ್ಧವಾಗಿ, ಕೆಸುವಿನೆಲೆಯಂತೆ ನೀರನ್ನು ಮೈಗೆ ಹತ್ತಗೊಡದ ಲೇಪಗಳ ಪ್ರಯೋಗವೂ ಪ್ರಯೋಗಶಾಲೆಗಳಲ್ಲಿ ನಡೆದಿದೆ. ಅವು ಹಿಮಗಟ್ಟುವುದನ್ನು ತಡವಾಗಿಸುತ್ತವೆ. ಮೋಟಾರು ಕಾರುಗಳಿಂದ ಬಂದ ಚಪ್ಪಟೆ ಕೊಳವೆಗಳ ಸುರುಳಿಯ ಕಥೆಯೂ ಇದೇ. ಬೇಸಗೆಯ ತಂಪಿಗೆ ಹಗುರವೂ ಅಗ್ಗವೂ ಆದ ಈ ಸುರುಳಿ, ಚಳಿಗಾಲದಲ್ಲಿ ಅಡ್ಡಡ್ಡ ಮಲಗಿದ ಚಪ್ಪಟೆ ಕೊಳವೆಗಳ ಮೇಲೆ ನೀರು ನಿಲ್ಲಿಸಿಕೊಂಡು ಹಿಮಕ್ಕೆ ತುತ್ತಾಯಿತು. ಕೊಳವೆಗಳನ್ನು ನೆಟ್ಟಗೆ ನಿಲ್ಲಿಸಿದರೆ ನೀರು ಇಳಿದುಹೋಗುತ್ತದೆ. ಆದರೆ ಶೀತಕವನ್ನು ಅವುಗಳಿಗೆಲ್ಲ ಸಮನಾಗಿ ಹಂಚುವುದು ಕಷ್ಟ.

ಯಂತ್ರ ಕೊಳ್ಳುವವರಿಗೆ ಒಂದು ಮಾತು. ಯೂರೋಪಿನಲ್ಲಿ ಶಾಖಪಂಪುಗಳನ್ನು 7, 2 ಹಾಗೂ -7 ಡಿಗ್ರಿಗಳಲ್ಲಿ ಪರೀಕ್ಷಿಸುವ ಪದ್ಧತಿಯಿದೆ. ಅಮೆರಿಕದಲ್ಲಿಯೂ 35 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 2 ಡಿಗ್ರಿಗೆ ತುಸು ಕೆಳಗೆ, ಹಿಮದ ಪರೀಕ್ಷೆಯೊಂದು ಉಂಟು. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ 7 ಡಿಗ್ರಿಯ ಸಂಖ್ಯೆ. ಬರ್ಗೆನ್ನಿನಂಥ ಊರಿನವರು ಕೇಳಬೇಕಾದುದು 2 ಡಿಗ್ರಿಯದನ್ನು.

ಇಷ್ಟನ್ನೂ ಬರೆದು ಕಳುಹಿಸಿ, ಪೆಟ್ಟಿಗೆಯ ಬೆನ್ನಿಗೆ ಒತ್ತಿಕೊಂಡ ತರಗೆಲೆಗಳನ್ನು ತೆಗೆಯೆಂದೂ, ಕರಗಿಸುವ ಹೊತ್ತಿನಲ್ಲಿ ಸ್ವಿಚ್ಚನ್ನು ಮುಟ್ಟಬೇಡವೆಂದೂ, ಸ್ಕ್ರೂಡ್ರೈವರನ್ನು ಪೆಟ್ಟಿಗೆಯಲ್ಲಿಯೇ ಇಟ್ಟಿರೆಂದೂ ನಮ್ಮ ವಿದ್ಯಾರ್ಥಿಗೆ ತಿಳಿಸಿದೆವು. ನಮ್ಮ ಲೆಕ್ಕವನ್ನು ಅವನು ಹಾಗೆಯೇ ನಂಬಲಿಲ್ಲವೆಂಬುದು ನಮಗೆ ಸಂತೋಷದ ಸಂಗತಿ. ಒಂದು ಒಣದಿನ ಯಂತ್ರವನ್ನು ಚೆನ್ನಾಗಿ ಆರಲು ಬಿಟ್ಟು, ಮರುದಿನ ಮಳೆಯಲ್ಲಿ ಅದನ್ನು ಹೊರಡಿಸಿ, ನೀರಿಳಿಯುವ ಕೊಳವೆಯ ಕೆಳಗೆ ಬಕೀಟು ಇಟ್ಟು, ಪ್ರತಿ ಸಲವೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದನು. 50 ನಿಮಿಷಗಳಿಗೊಮ್ಮೆ ಹಿಮ ಕರಗಿತು. ನಮ್ಮ ಲೆಕ್ಕದಂತೆ 1.7 ಕಿಲೋಗ್ರಾಂ ನೀರು ಬರಬೇಕಾಗಿತ್ತು. ಮೊದಲ ಸಲ ಬಂದದ್ದು 1 ಕಿಲೋಗ್ರಾಂ, ಎರಡನೆಯ ಸಲ 1.4, ಮೂರನೆಯ ಸಲವೂ 1.4. ಮೊದಲ ಬಕೀಟಿನಲ್ಲಿ ಕಡಮೆಯಾದ 400 ಗ್ರಾಂ ಎಲ್ಲಿ ಹೋಯಿತೆಂದು ಅವನು ನಮ್ಮನ್ನು ಕೇಳಲಿಲ್ಲ. ಟಾರ್ಚು ಹಿಡಿದು, ರೆಕ್ಕೆಗಳ ಕೆಳಗಿನ ಅಂಚನ್ನು ಆಗಲೇ ನೋಡಿದ್ದನಂತೆ.